ಮುಟ್ಟಿದ ಕೈ: ಕಂಕನಾಡಿಯ ಒಂದು ಚರಿತ್ರೆ

ಧರ್ಮ ಎಂದರೆ ನಮ್ಮ ಜನಕ್ಕೆ ಬಹುಮಟ್ಟಿಗೆ ಒಂದು ಲೆಕ್ಕ. ಇಷ್ಟು ಹರಕೆ, ಇಷ್ಟು ಕಾಣಿಕೆ, ಇಷ್ಟು ಉಪವಾಸ. ಕ್ರೈಸ್ತರೂ ಇದಕ್ಕೆ ಹೊರತಲ್ಲ. ಭಾನುವಾರದ ಪೂಜೆ ತಪ್ಪಿದರೆ ಪಾಪ, ಪಾದ್ರಿಗಳ ಮುಂದೆ ಒಪ್ಪಿಕೊಂಡರೆ ಬಾಕಿ ಚುಕ್ತ! ಆದರೆ ಯೇಸು ಎಂಬ ಬಡಗಿಯ ಮಗ ಈ ಲೆಕ್ಕದ ಪುಸ್ತಕವನ್ನೇ ಬದಿಗೆ ತಳ್ಳಿದವನು. ಕುಷ್ಠರೋಗಿ ಊರಾಚೆ ಇರಬೇಕು, ತಾನು ಮೈಲಿಗೆ ಅಂತ ತಾನೇ ಕೂಗಿಕೊಂಡು ಓಡಾಡಬೇಕು ಎಂದು ಆವತ್ತಿನ ಶಾಸ್ತ್ರ ಹೇಳುತ್ತಿತ್ತು. ನಮಗೆ ಇದೇನು ಹೊಸ ಕತೆಯೆ? ಅಂಥವನನ್ನು ಯೇಸು ಕೈಚಾಚಿ ಮುಟ್ಟಿದ. ಮುಟ್ಟು ಎನ್ನುವ ಕಟ್ಟಳೆ ಎಲ್ಲೂ ಇರಲಿಲ್ಲ. ಮುಟ್ಟಬೇಡ ಎನ್ನುವ ಕಟ್ಟಳೆ ಇತ್ತು.

ಇಂಥ ಮುಟ್ಟುವಿಕೆಯ ಚರಿತ್ರೆಯೊಂದು ಮಂಗಳೂರಿನ ಕಂಕನಾಡಿಯಲ್ಲಿದೆ. 1878ರ ಕೊನೆಯಲ್ಲಿ ಜೆಸ್ವಿಟ್ ಪಾದ್ರಿಗಳ ತಂಡವೊಂದು ಮಂಗಳೂರಿಗೆ ಬಂದಿಳಿಯಿತು. ಅದರಲ್ಲಿ ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್ ಇದ್ದರು. 1880ರಲ್ಲಿ ಅವರು ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. 1902ರಲ್ಲಿ ಪ್ಲೇಗಿನವರಿಗೆ ಇನ್ನೊಂದು. 1910ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು.

ಆ ಕಾಲದ ನೆಲ ಎಂಥದ್ದು ಎಂದು ನೋಡಿದರೆ ಈ ಕೆಲಸದ ತೂಕ ತಿಳಿಯುತ್ತದೆ. ಇದೇ ಕರಾವಳಿಯಲ್ಲಿ ಅಜಲು ಎಂಬ ಪದ್ಧತಿ ಇತ್ತು. ಮೇಲುಜಾತಿಯವರ ರೋಗ ತೊಲಗಲಿ ಅಂತ ಅವರ ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುತ್ತಿದ್ದರು. ರೋಗ ಒಬ್ಬರದು, ಉಣ್ಣುವ ಬಾಯಿ ಇನ್ನೊಬ್ಬರದು! ಇದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಇತ್ತ ಬ್ರಿಟಿಷ್ ಸರ್ಕಾರ 1898ರಲ್ಲಿ ಕುಷ್ಠರೋಗಿಗಳ ಕಾಯ್ದೆ ಮಾಡಿತು. ಅದು ಜಾರಿಯಾದ ಕಡೆ ಭಿಕ್ಷೆ ಬೇಡುವ ಬಡ ರೋಗಿಯನ್ನು ಪೋಲೀಸರು ಹಿಡಿದೊಯ್ಯಬಹುದಿತ್ತು. ಕಾಸಿದ್ದ ರೋಗಿ ಮನೆಯಲ್ಲೇ ಇರಬಹುದು. ಜಾತಿ ರೋಗವನ್ನು ಕೆಳಗಿನವರ ಮೇಲೆ ಸುರಿಯಿತು, ಸರ್ಕಾರ ರೋಗಿಯನ್ನು ಗೋಡೆಯೊಳಗೆ ಕೂಡಿತು. ಎರಡೂ 'ಕರ್ತವ್ಯ'ದ ಹೆಸರಲ್ಲೇ ನಡೆದವು.

ಒಂದು ಮಾತು ನೆನಪಿಡಬೇಕು. ಕುಷ್ಠದ ಕ್ರಿಮಿಯನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡಿದ್ದರು. ಆದರೆ ರೋಗಕ್ಕೆ ನಾಟುವ ಔಷಧಿ ಬಂದದ್ದು 1940ರ ದಶಕದಲ್ಲಿ. ಈಗಿನ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಅಂದರೆ 1890ರಲ್ಲಿ ಕಂಕನಾಡಿಗೆ ಬಂದ 'ದೊಡ್ಡ ರೋಗ'ದವರನ್ನು ವಾಸಿಮಾಡುವ ಶಕ್ತಿ ಯಾವ ಗುಳಿಗೆಗೂ ಇರಲಿಲ್ಲ. ಕೊಡಬಹುದಾಗಿದ್ದದ್ದು ಒಂದು ಸೂರು, ಒಂದು ಊಟ, ಹುಣ್ಣಿನ ಆರೈಕೆ, ಹೇಸದ ಒಂದು ಕೈ. ಬರೀ ಕಟ್ಟಳೆಗಾಗಿ ಮಾಡುವವನು ಫಲವಿಲ್ಲದ ಕಡೆ ಬೇಗ ದಣಿಯುತ್ತಾನೆ. ಪ್ರೀತಿಯಿಂದ ಬಂದವನು ಮಾತ್ರ ಮಾರನೇ ದಿನವೂ ಬರುತ್ತಾನೆ.

ಹಾಗಂತ ಪಾದ್ರಿಗಳನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಕೈಮುಗಿಯುವುದು ನಮ್ಮ ಕೆಲಸ ಅಲ್ಲ. ರೋಗಿಯನ್ನು ಮುಟ್ಟಿದ ಧರ್ಮ ಜಾತಿಯನ್ನು ಮುರಿಯಿತೆ? ಬಾಮಣ, ಚಾರೊಡಿ, ಸುದಿರ್ ಎಂಬ ಗೀಟುಗಳು ಗೋವೆಯಿಂದ ಬಂದ ಕ್ರೈಸ್ತರ ಜೊತೆಗೇ ಬಂದವು. ಮದುವೆಯ ಮಾತು ಬಂದಾಗ ಅವು ಎದ್ದು ಕೂತವು. ಮತಾಂತರವಾದರೂ ಜಾತಿ ಬೆನ್ನು ಬಿಡಲಿಲ್ಲವೆಂದು ಅಂಬೇಡ್ಕರರು ಚರ್ಚುಗಳನ್ನು ತರಾಟೆಗೆ ತೆಗೆದುಕೊಂಡರು. ಇತ್ತ 1950ರ ರಾಷ್ಟ್ರಪತಿಗಳ ಆದೇಶ ಕ್ರೈಸ್ತನಾದ ದಲಿತನನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ ದಲಿತನಿಗೆ ತೆರೆಯಲಿಲ್ಲ. ನಿನ್ನ ಧರ್ಮದಲ್ಲಿ ಜಾತಿ ಇಲ್ಲ ಅನ್ನುತ್ತದೆ ಆದೇಶ, ನಿನ್ನ ಜಾತಿ ಯಾವುದು ಅನ್ನುತ್ತದೆ ಪಕ್ಕದ ಬೆಂಚು. ಅವನು ಎಲ್ಲಿಗೆ ಹೋಗಬೇಕು?

ಗೆಳೆಯರೆ, ಕರುಣೆ ಮೇಲಿನಿಂದ ಸುರಿಯುತ್ತದೆ. ಪ್ರೀತಿ ಪಕ್ಕದಲ್ಲಿ ಕೂರುತ್ತದೆ, ಜೊತೆಗೆ ಉಣ್ಣುತ್ತದೆ, ಹೆಣ್ಣು ಕೊಟ್ಟು ತರುತ್ತದೆ, ಹಕ್ಕಿನ ಮೆರವಣಿಗೆಯಲ್ಲಿ ನಡೆಯುತ್ತದೆ. ಆಲದ ಮರದ ಔಷಧಾಲಯ ಬೆಳೆದು ದೊಡ್ಡ ಆಸ್ಪತ್ರೆಯಾಗಿದೆ. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಕಟ್ಟಡ ಬೆಳೆಯುವುದು ಒಳ್ಳೆಯದೇ. ಆ ಕೈ ರೋಗಿಯ ಹುಣ್ಣನ್ನು ಮುಟ್ಟಿದ ಹಾಗೆ ಜಾತಿಯ ಹುಣ್ಣನ್ನೂ ಮುಟ್ಟಬೇಕು. ಆ ಕೆಲಸ ಇನ್ನೂ ಬಾಕಿ ಇದೆ.