ಪೀಟ್ ಪಾಸಲ್‌ಥ್ವೇಟ್: ಪೋಷಕ ಪಾತ್ರಗಳ ಮೇರುನಟ

ಪೀಟ್ ಪಾಸಲ್‌ಥ್ವೇಟ್ (1946–2011) ಬ್ರಿಟನ್ನಿನ ರಂಗಭೂಮಿ, ಸಿನಿಮಾ ಮತ್ತು ಕಿರುತೆರೆಯ ಹೆಸರಾಂತ ನಟ. ಎದ್ದು ಕಾಣುವ ಕೆನ್ನೆಮೂಳೆಗಳ ಅವರ ಮುಖ ನಾಯಕನ ಅಚ್ಚಿಗೆ ಹೊಂದುವಂಥದ್ದಲ್ಲ. ಆದರೆ ಸಾಧು, ಕ್ರೂರಿ, ಕಾರ್ಮಿಕ, ವಕೀಲ ಎಲ್ಲರಿಗೂ ಅದು ಒಪ್ಪುತ್ತಿತ್ತು.

ಆರಂಭದ ದಿನಗಳು

ಹುಟ್ಟಿದ್ದು ಇಂಗ್ಲೆಂಡಿನ ವಾರಿಂಗ್ಟನ್‌ನ ಕ್ಯಾಥೊಲಿಕ್ ಕಾರ್ಮಿಕ ಕುಟುಂಬದಲ್ಲಿ. ಪಾದ್ರಿಯಾಗುವ ಯೋಚನೆ ಬಿಟ್ಟು ಕೆಲಕಾಲ ನಾಟಕದ ಮೇಷ್ಟರಾದರು. ಬಳಿಕ ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆಯಲ್ಲಿ ಕಲಿತರು. 1970ರ ದಶಕದಲ್ಲಿ ಅವರು ಪಳಗಿದ್ದು ಲಿವರ್‌ಪೂಲ್‌ನ ಎವ್ರಿಮನ್ ರಂಗಮಂದಿರದಲ್ಲಿ. ಜೂಲಿ ವಾಲ್ಟರ್ಸ್, ಬಿಲ್ ನೈ, ಜೊನಾಥನ್ ಪ್ರೈಸ್ ಅಲ್ಲಿನ ಒಡನಾಡಿಗಳು.

ಇಬ್ಬರು ತಂದೆಯರು

ಸಿನಿಮಾದಲ್ಲಿ ಗಮನ ಸೆಳೆದದ್ದು ಟೆರೆನ್ಸ್ ಡೇವಿಸ್ ನಿರ್ದೇಶನದ ‘ಡಿಸ್ಟೆಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ (1988). ಅಲ್ಲಿ ಅವರು ಹೆಂಡತಿ ಮಕ್ಕಳನ್ನು ಹೊಡೆಯುವ ತಂದೆ. ಐದು ವರ್ಷಗಳ ನಂತರ ಜಿಮ್ ಶೆರಿಡನ್ ಅವರ ‘ಇನ್ ದ ನೇಮ್ ಆಫ್ ದ ಫಾದರ್’ ಬಂತು. ಮಾಡದ ತಪ್ಪಿಗೆ ಮಗನಂತೆಯೇ ಸೆರೆಮನೆ ಸೇರಿ, ಶಿಕ್ಷೆಯ ನಡುವೆಯೇ ಪ್ರಾಣಬಿಟ್ಟ ಜುಸೆಪ್ಪೆ ಕಾನ್ಲನ್‌ರ ನಿಜಜೀವನದ ಕಥೆ ಅದು. ದನಿ ಏರಿಸದೆಯೇ ಆ ಮನುಷ್ಯನ ಘನತೆಯನ್ನು ಕಾಣಿಸಿದ ಜುಸೆಪ್ಪೆಯ ಪಾತ್ರ ಪಾಸಲ್‌ಥ್ವೇಟ್‌ಗೆ ಆಸ್ಕರ್ ನಾಮನಿರ್ದೇಶನ ತಂದುಕೊಟ್ಟಿತು.

ಹಾಲಿವುಡ್ ಮತ್ತು ಗಣಿಯೂರು

‘ದ ಯೂಶುವಲ್ ಸಸ್ಪೆಕ್ಟ್ಸ್’ (1995) ಚಿತ್ರದಲ್ಲಿ ಅವರು ನಿಗೂಢ ವಕೀಲ ಕೊಬಯಾಶಿ. 1997ರಲ್ಲಿ ಸ್ಪೀಲ್‌ಬರ್ಗ್‌ರ ‘ದ ಲಾಸ್ಟ್ ವರ್ಲ್ಡ್’, ‘ಅಮಿಸ್ಟಾಡ್’ ಎರಡರಲ್ಲೂ ನಟಿಸಿದರು. ಇವುಗಳ ನಡುವೆ ತವರಿನಲ್ಲಿ ಮಾಡಿದ ಚಿತ್ರ ‘ಬ್ರಾಸ್ಡ್ ಆಫ್’ (1996). ಮುಚ್ಚಲಿರುವ ಕಲ್ಲಿದ್ದಲು ಗಣಿಯ ವಾದ್ಯವೃಂದವನ್ನು ಹಟದಿಂದ ಮುನ್ನಡೆಸುವ, ಗಣಿಯ ಧೂಳಿಗೆ ಶ್ವಾಸಕೋಶ ಕೆಟ್ಟ ಡ್ಯಾನಿಯ ಪಾತ್ರ ಅಲ್ಲಿ ಅವರದು.

ಕಿರುತೆರೆ

ನೆಪೋಲಿಯನ್ ಕಾಲದ ಯುದ್ಧಗಳ ಸರಣಿ ‘ಶಾರ್ಪ್’ನಲ್ಲಿ ಮೈ ನಡುಗಿಸುವ ಸಾರ್ಜೆಂಟ್ ಹೇಕ್ಸ್‌ವಿಲ್ ಆದರು. ‘ಲಾಸ್ಟ್ ಫಾರ್ ವರ್ಡ್ಸ್’ (1999) ಚಿತ್ರದಲ್ಲಿ ಮರೆವಿಗೆ ಜಾರುತ್ತಿರುವ ತಾಯಿಯನ್ನು ನೋಡಿಕೊಳ್ಳುವ ಮಗನಾದರು. ತಾಯಿಯಾಗಿ ನಟಿಸಿದವರು ಹಿರಿಯ ಕಲಾವಿದೆ ಥೋರಾ ಹರ್ಡ್.

ಕೊನೆಯ ವರ್ಷಗಳು

2004ರಲ್ಲಿ ಬ್ರಿಟನ್ನಿನ ಒ.ಬಿ.ಇ. ಗೌರವ ಸಂದಿತು. 2008ರಲ್ಲಿ ಎವ್ರಿಮನ್‌ಗೆ ಮರಳಿ ‘ಕಿಂಗ್ ಲಿಯರ್’ ನಾಟಕದಲ್ಲಿ ಲಿಯರ್ ಆದರು. ಹವಾಮಾನ ಬದಲಾವಣೆ ಕುರಿತ ‘ದ ಏಜ್ ಆಫ್ ಸ್ಟುಪಿಡ್’ (2009) ಚಿತ್ರದಲ್ಲಿ ನಟಿಸಿದ ಅವರು, ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಅನುಮತಿ ಕೊಟ್ಟರೆ ಒ.ಬಿ.ಇ. ಹಿಂದಿರುಗಿಸುವುದಾಗಿ ಸರ್ಕಾರವನ್ನು ಎಚ್ಚರಿಸಿದ್ದರು. 2011ರ ಜನವರಿ 2ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ತಿಂಗಳು ಬಾಫ್ಟಾ ನಾಮನಿರ್ದೇಶನದ ಪಟ್ಟಿಯಲ್ಲಿ ಅವರ ಹೆಸರೂ ಇತ್ತು: ‘ದ ಟೌನ್’ (2010) ಚಿತ್ರದಲ್ಲಿ ಹೂವಿನಂಗಡಿ ನಡೆಸುತ್ತಲೇ ದರೋಡೆಕೋರರನ್ನು ಕುಣಿಸುವ ಮುದುಕನ ಪಾತ್ರಕ್ಕೆ.