ಚಕ್ಕಡಿಯ ಹಗ್ಗ, ಮೋಟಾರಿನ ಪರವಾನಗಿ

ಹದಿನೆಂಟು ತುಂಬದವನು ಸಾರ್ವಜನಿಕ ಹಾದಿಯಲ್ಲಿ ಮೋಟಾರು ನಡೆಸಕೂಡದೆಂಬುದು ನಿನ್ನೆ ಮೊನ್ನೆಯ ಕಟ್ಟಳೆಯೆಂದು ನನ್ನ ತರಗತಿಯ ಹುಡುಗರು ತಿಳಿದಿದ್ದಾರೆ. ಅದಕ್ಕೆ ನೂರು ವರ್ಷ ದಾಟಿದೆ. 1914 ರ ಭಾರತೀಯ ಮೋಟಾರು ವಾಹನಗಳ ಕಾಯಿದೆಯಲ್ಲಿಯೇ ಅದು ಸೇರಿತ್ತು. ಹಳ್ಳಿಗೆ ಒಂದು ಮೋಟಾರು ಬಂದರೆ ಮಕ್ಕಳು ಮುದುಕರೆನ್ನದೆ ಹೊರಬಂದು ನೋಡುತ್ತಿದ್ದ ಕಾಲ ಅದು; ನಡೆಸುವ ಹಂಬಲ ಯಾರಿಗೂ ಇನ್ನೂ ಹುಟ್ಟಿರಲಿಲ್ಲ.

ಆ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಸಂಬಂಧಿಸಿದ್ದು. ಧಾರವಾಡ ಜಿಲ್ಲೆಯ ನವಲಗುಂದ, ಕಲಘಟಗಿ, ಅಣ್ಣಿಗೇರಿಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅದರ ಕೈಕೆಳಗೆ ಬಂದವು. ಕುಂದಗೋಳದ ಮಾತು ಬೇರೆ. ಅದು ಜಮಖಂಡಿ ಸಂಸ್ಥಾನದ ಊರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೊರಟವನು ನಡುಹಾದಿಯಲ್ಲಿ ಒಂದು ಸರಕಾರವನ್ನು ಬಿಟ್ಟು ಇನ್ನೊಂದನ್ನು ಹೊಗುತ್ತಿದ್ದ. 1948 ರಲ್ಲಿ ಸಂಸ್ಥಾನ ವಿಲೀನವಾಯಿತು. 1956 ರ ನವೆಂಬರ್ 1 ಕ್ಕೆ ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. 1963 ರಲ್ಲಿ ಮೈಸೂರು ಮೋಟಾರು ವಾಹನ ನಿಯಮಗಳು ಬಂದವು. ಇಷ್ಟು ಆಳ್ವಿಕೆಗಳು ಬದಲಾದರೂ ಹದಿನೆಂಟು ಮಾತ್ರ ಕದಲಲಿಲ್ಲ. 1939 ರ ಕಾಯಿದೆ ಅದನ್ನೇ ಉಳಿಸಿಕೊಂಡು, ಬಾಡಿಗೆ ಬಂಡಿ ನಡೆಸುವವನಿಗೆ 20 ಆಗಿರಬೇಕೆಂದು ಸೇರಿಸಿತು. 1989 ರ ಜುಲೈ 1 ರಿಂದ ಜಾರಿಗೆ ಬಂದ 1988 ರ ಕಾಯಿದೆಯಲ್ಲಿಯೂ ಅವೇ ಅಂಕೆಗಳು.

ವಯಸ್ಸನ್ನು ಇಷ್ಟು ಗಟ್ಟಿಯಾಗಿ ಹಿಡಿದ ಕಾನೂನು ಅನುಭವವನ್ನು ಹೇಗೆ ಅಳೆಯಿತು? ಇಲ್ಲಿ ನಮ್ಮ ಹಿರಿಯರ ಚಕ್ಕಡಿಯನ್ನು ನೆನೆಯಬೇಕಾಗುತ್ತದೆ.

ಎರೆಸೀಮೆಯಲ್ಲಿ ಹುಡುಗನ ಕೈಗೆ ಹಗ್ಗ ಒಂದೇ ದಿನ ಬರುತ್ತಿರಲಿಲ್ಲ. ಮೊದಲು ಎತ್ತುಗಳನ್ನು ಹಳ್ಳಕ್ಕೆ ನೀರಿಗೆ ಹೊಡೆದುಕೊಂಡು ಹೋಗುವ ಕೆಲಸ. ಯಾವ ಎತ್ತು ಬೆದರುತ್ತದೆ, ಯಾವುದು ಎಡಕ್ಕೆ ಎಳೆಯುತ್ತದೆ ಎಂಬುದು ಅಲ್ಲಿಯೇ ತಿಳಿಯಬೇಕು. ಆಮೇಲೆ ಹೊಲದ ಹಾದಿಯಲ್ಲಿ ಬರಿದಾದ ಚಕ್ಕಡಿ, ಅದೂ ಅಪ್ಪನೋ ಕಾಕನೋ ಹಿಂದೆ ಕುಳಿತಿರುವಾಗ. ಮುಂದಿನ ವರ್ಷ ತಿಪ್ಪೆಗೊಬ್ಬರದ ಹೇರು. ಮಳೆ ಬಿದ್ದ ಎರೆಮಣ್ಣಿನಲ್ಲಿ ಗಾಲಿ ಹೂತಾಗ ಎತ್ತನ್ನು ಬಡಿಯದೆ ಮೇಲಕ್ಕೆ ಎಬ್ಬಿಸುವುದನ್ನು ಕಲಿತ ಮೇಲೆಯೇ ಸುಗ್ಗಿಯ ಹೇರು. ಎಲ್ಲಕ್ಕೂ ಕಡೆಯದು, ಹತ್ತಿಯ ಅಂಡಿಗೆ ಹೇರಿಕೊಂಡು ರಾತ್ರಿಯೆಲ್ಲ ಹುಬ್ಬಳ್ಳಿ ಪೇಟೆಯ ಹಾದಿ ಹಿಡಿಯುವುದು. ಅಲ್ಲಿಯೂ ಹೊಸಬನ ಚಕ್ಕಡಿ ಸಾಲಿನ ನಡುವೆ. ಮುಂದೊಬ್ಬ ಹಿರಿಯ, ಹಿಂದೊಬ್ಬ ಹಿರಿಯ. “ತಮ್ಮಾ, ನಿದ್ದಿ ಬಂದ್ರ ಹೇಳು, ಸುಮ್ನ ಹಗ್ಗ ಹಿಡ್ಕೊಂಡು ಕೂಡಬ್ಯಾಡ” ಎಂಬ ಎಚ್ಚರಿಕೆಯೊಂದು ಮುಂದಿನ ಚಕ್ಕಡಿಯಿಂದ ಆಗಾಗ ಬರುತ್ತಿತ್ತಂತೆ. ಕಾಗದವಿಲ್ಲ, ಮೊಹರಿಲ್ಲ; ಆದರೆ ಮೆಟ್ಟಿಲು ತಪ್ಪಿಸಿ ಏರುವಂತಿರಲಿಲ್ಲ.

ಮೋಟಾರು ಕಾಯಿದೆ ಈ ಮೆಟ್ಟಿಲುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿತು. ಕಲಿಯುವವನ ಲೈಸೆನ್ಸು ಆರು ತಿಂಗಳದು. 30 ದಿನ ಕಳೆಯದೆ ಪರೀಕ್ಷೆಗೆ ನಿಲ್ಲುವಂತಿಲ್ಲ. ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಬಂಡಿಯನ್ನು ತಡೆಯಬಲ್ಲ ಅನುಭವಿಯೊಬ್ಬ ಪಕ್ಕದಲ್ಲಿರಬೇಕು. ವಿರಾಟನ ಮಗ ಉತ್ತರನೂ ರಥದ ಹಗ್ಗ ಹಿಡಿದದ್ದು ಅರ್ಜುನನು ಜೊತೆಗಿದ್ದಾಗಲೇ. ಲೈಸೆನ್ಸಿನ ಅರ್ಜಿ ಹಾಕುವ ಸರಕಾರದ ಜಾಲತಾಣಕ್ಕೆ ‘ಸಾರಥಿ’ ಎಂದು ಹೆಸರಿಟ್ಟವರಿಗೆ ಆ ಕಥೆ ನೆನಪಿತ್ತೋ ಏನೋ!

ಪರೀಕ್ಷೆ ಮುಗಿದ ಮರುದಿನ ಅನುಭವಿ ಇಳಿದುಹೋಗುತ್ತಾನೆ. ನಿನ್ನೆ ಕಲಿತ ಹುಡುಗ, ಮೂವತ್ತು ವರ್ಷ ನಡೆಸಿದ ಮುದುಕ ಇಬ್ಬರೂ ಹಾದಿಯಲ್ಲಿ ಒಂದೇ. ರಾತ್ರಿ ಬೇಡ, ಗೆಳೆಯರ ಗುಂಪನ್ನು ಕೂಡಿಸಿಕೊಳ್ಳಬೇಡ ಎನ್ನುವವರಿಲ್ಲ. 2019 ರ ತಿದ್ದುಪಡಿಯಂತೆ, ಮೂವತ್ತರೊಳಗೆ ಪಡೆದ ಲೈಸೆನ್ಸು ನಲವತ್ತು ತುಂಬುವವರೆಗೆ ನಡೆಯುತ್ತದೆ. ಹದಿನೆಂಟರವನಿಗೆ 22 ವರ್ಷ! ಒಂದು ವರ್ಷ ಹಗುರ ಬಂಡಿಯ ಲೈಸೆನ್ಸು ಇಟ್ಟುಕೊಂಡವನಿಗೇ ಬಾಡಿಗೆ ಬಂಡಿಯ ಕಲಿಕೆ ಎಂಬ ನಿಯಮವೊಂದಿದೆ. ಅಂದರೆ ಮೆಟ್ಟಿಲಿನ ಅರಿವು ನಮ್ಮ ಶಾಸನಕರ್ತರಿಗೆ ಇಲ್ಲದಿಲ್ಲ. ಹೊಟ್ಟೆಪಾಡಿಗೆ ನಡೆಸುವವನಿಗೆ ಅದನ್ನು ಕಟ್ಟಿ, ಉಳಿದವರನ್ನು ಬಿಟ್ಟಿದ್ದಾರೆ. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

1903 ರಲ್ಲಿ ಇಂಗ್ಲೆಂಡು ಐದು ಶಿಲಿಂಗ್ ಕೊಟ್ಟವನಿಗೆ ಪರೀಕ್ಷೆಯಿಲ್ಲದೆಯೇ ಲೈಸೆನ್ಸು ಕೊಡುತ್ತಿತ್ತು; ಕಡ್ಡಾಯ ಪರೀಕ್ಷೆ ಬಂದದ್ದು 1935 ರಲ್ಲಿ. ಅದೇ ದೇಶದಲ್ಲಿ 1997 ರಿಂದ, ಹೊಸ ಚಾಲಕನ ಲೆಕ್ಕಕ್ಕೆ ಎರಡು ವರ್ಷದೊಳಗೆ ಆರು ತಪ್ಪಂಕ ಬಿದ್ದರೆ ಲೈಸೆನ್ಸು ಹೋಗುತ್ತದೆ. ಮತ್ತೆ ಮೊದಲಿನಿಂದ ಪರೀಕ್ಷೆ. ನ್ಯೂಜಿಲೆಂಡಿನಲ್ಲಿ 1987 ರಿಂದ ಹೊಸಬನು ರಾತ್ರಿ ಒಬ್ಬನೇ ನಡೆಸುವುದಕ್ಕೂ ಜೊತೆಗಾರರನ್ನು ಕೂಡಿಸಿಕೊಳ್ಳುವುದಕ್ಕೂ ಕಟ್ಟುಂಟು. ಹೇರು ಆಮೇಲೆ, ರಾತ್ರಿ ಎಲ್ಲಕ್ಕೂ ಕಡೆಗೆ ಎನ್ನುತ್ತಿದ್ದ ನವಲಗುಂದದ ಒಕ್ಕಲಿಗನಿಗೆ ಇದು ಹೊಸದೆನಿಸುತ್ತಿರಲಿಲ್ಲ.

ಈಗ ಹಳ್ಳಿಯ ಸ್ಥಿತಿ. ಗಾರ್ಡಿಯನ್ನರ ಒಪ್ಪಿಗೆಯಿಂದ 16 ಕ್ಕೇ ಲೈಸೆನ್ಸು ಪಡೆಯಬಹುದು, ಆದರೆ ಗೇರಿಲ್ಲದ 50 ಸಿ.ಸಿ.ಯೊಳಗಿನ ಬಂಡಿಗೆ ಮಾತ್ರ. ಲೂನಾದ ದಿನಗಳಿಗೆ ಒಪ್ಪುತ್ತಿದ್ದ ವಿನಾಯಿತಿ ಅದು. ಇಂದು ಅಂಗಳದಲ್ಲಿ ನಿಂತ ಬೈಕು ಸಾಮಾನ್ಯವಾಗಿ ಅದರ ಇಮ್ಮಡಿ. ಟ್ರ್ಯಾಕ್ಟರಿನ ಕೀಲಿಕೈ ಬಾಗಿಲ ಬದಿಯ ಗೂಟಕ್ಕೆ ತೂಗುತ್ತಿರುತ್ತದೆ. ಹೊಲದಲ್ಲಿ ಒಂದೆರಡು ಸುತ್ತು ಹೊಡೆದ ಹುಡುಗ ಟ್ರೇಲರು ಕಟ್ಟಿಕೊಂಡು ಡಾಂಬರು ರಸ್ತೆಗೆ ಇಳಿಯುತ್ತಾನೆ. ಬರಿದಾದ ಚಕ್ಕಡಿಗೂ ಸುಗ್ಗಿಯ ಹೇರಿಗೂ ನಡುವೆ ಇದ್ದ ವರ್ಷಗಳು ಒಂದು ಮುಂಜಾನೆಯಲ್ಲಿ ಮುಗಿದವು.

2019 ರ ಸೆಪ್ಟೆಂಬರ್ 1 ರಿಂದ ಅಪ್ರಾಪ್ತನ ತಪ್ಪಿಗೆ ತಂದೆ ಅಥವಾ ಬಂಡಿಯ ಒಡೆಯ ಹೊಣೆ: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಬಂಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ತನಗೆ ಗೊತ್ತಿಲ್ಲದೆ ನಡೆಯಿತೆಂದು ತಂದೆ ಸಾಧಿಸಿದರೆ ಬಿಡುಗಡೆಯುಂಟು. ಗೂಟದ ಕೀಲಿಕೈ ಅದಕ್ಕೆ ಸಾಕ್ಷಿ ಹೇಳಲಾರದು. ಇದಕ್ಕಿಂತ ಭಾರವಾದದ್ದು ವಿಮೆಯ ಲೆಕ್ಕ. ಲೈಸೆನ್ಸಿಲ್ಲದವನಿಗೆ ಒಡೆಯನೇ ಬಂಡಿ ಕೊಟ್ಟಿದ್ದರೆ, ಸತ್ತವನ ಮನೆಯವರಿಗೆ ವಿಮೆ ಕಂಪನಿ ಪರಿಹಾರ ಕೊಟ್ಟು ಆ ಹಣವನ್ನು ಒಡೆಯನಿಂದ ವಸೂಲು ಮಾಡಿಕೊಳ್ಳಬಹುದೆಂಬ ದಾರಿಯನ್ನು ಸುಪ್ರೀಂ ಕೋರ್ಟು 2004 ರಲ್ಲಿ ಖಚಿತಪಡಿಸಿತು. ನಾಲ್ಕೆಕರೆ ಎರೆಹೊಲ, ಸಾಲದ ಮೇಲೆ ತಂದ ಟ್ರ್ಯಾಕ್ಟರು, ಇಷ್ಟೇ ಇರುವ ಮನೆಯಲ್ಲಿ ಆ ವಸೂಲಿ ಬಂದು ನಿಲ್ಲುವುದು ಹೊಲದ ಉತಾರದ ಮೇಲೆಯೇ.