ಗಾಳಿಯ ಸದ್ದು ಮತ್ತು ಸವಾರನ ಕಿವಿ

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಸಕಲೇಶಪುರದಿಂದ ಬೆಂಗಳೂರಿಗೆ ಬೈಕಿನಲ್ಲಿ ಬಂದೆ. ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಜೀರುಂಡೆ ಕೂಗುತ್ತಿತ್ತು. ಮಲೆನಾಡಿನಲ್ಲಿ ಬೆಳೆದವರಿಗೆ ಅದೊಂದು ಸದ್ದೇ ಅಲ್ಲ, ನಿದ್ದೆ ಬರಿಸುವ ಜೋಗುಳ. ಕಣ್ಣು ಮುಚ್ಚುವ ಹೊತ್ತಿಗೆ ಹೊಳೆಯಿತು: ನಾನು ಮಲಗಿರುವುದು ನಾಲ್ಕನೇ ಮಹಡಿಯ ಮನೆಯಲ್ಲಿ, ಸುತ್ತ ಒಂದು ಮರವೂ ಇಲ್ಲ. ಎದ್ದು ಕಿಟಕಿ ತೆರೆದೆ, ಮತ್ತೆ ಮುಚ್ಚಿದೆ. ಸದ್ದು ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಜೀರುಂಡೆ ಇದ್ದದ್ದು ನನ್ನ ಕಿವಿಯೊಳಗೆ.

ಬೆಳಿಗ್ಗೆ ಹೊತ್ತಿಗೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಎರಡು ವಾರ ಕಾದು ಕಿವಿ ಪರೀಕ್ಷೆಗೆ ಹೋದೆ. ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲಿನ ಗೆರೆಯನ್ನು ತೋರಿಸಿದಳು. ಅಲ್ಲಿಯವರೆಗೆ ಸಪಾಟಾಗಿ ಬಂದ ಗೆರೆ 4000 ಹರ್ಟ್ಸ್ ಬಳಿ ಹಳ್ಳಕ್ಕೆ ಬಿದ್ದ ಹಾಗೆ ಕೆಳಗಿಳಿದಿತ್ತು. 'ಕಾರ್ಖಾನೇಲಿ ಕೆಲಸ ಮಾಡ್ತೀರಾ ಸರ್?' ಎಂದು ಕೇಳಿದಳು. 'ಇಲ್ಲಮ್ಮ, ಬ್ಯಾಂಕಿನಲ್ಲಿ' ಎಂದೆ. 'ಹಾಗಾದ್ರೆ ಬೈಕ್ ಓಡಿಸ್ತೀರಾ?' ಎರಡನೇ ಪ್ರಶ್ನೆಗೇ ಅವಳು ಅಲ್ಲಿಗೆ ಬಂದದ್ದು ನನಗೆ ಆಶ್ಚರ್ಯವಾಗಿತ್ತು.

ಇದನ್ನೆಲ್ಲ ಬರೆಯಲು ಕಾರಣ ನನ್ನ ಅಕ್ಕನ ಮಗ. ಹೊಸ ಬೈಕು ಕೊಂಡಿದ್ದಾನೆ, ಲಡಾಖ್‌ಗೆ ಹೊರಟಿದ್ದಾನೆ. ಹೆಲ್ಮೆಟ್, ಜಾಕೆಟ್, ಬೂಟು, ಮೊಣಕಾಲಿನ ಗಾರ್ಡ್ ಎಲ್ಲ ಬಂದಿವೆ. ಕಿವಿಗೆ ಏನು ತಗೊಂಡೆ ಎಂದು ಕೇಳಿದರೆ ನಕ್ಕುಬಿಟ್ಟ. 'ಮಾವ, ಕಿವಿಗೆ ಬಿರಡೆ ಹಾಕ್ಕೊಂಡು ಹೋದ್ರೆ ಹಿಂದಿನ ಲಾರಿಯವನು ಹಾರ್ನ್ ಹೊಡೆದದ್ದು ಕೇಳೋದು ಹೇಗೆ?' ಪ್ರಶ್ನೆ ಸರಿಯಾದದ್ದೇ. ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಒಂದು ವಿಚಿತ್ರ ಚರಿತ್ರೆ. ಬೈಕಿನ ಸುತ್ತಮುತ್ತ ಇರುವ ಎಲ್ಲವನ್ನೂ ಕಾಪಾಡಿ, ಕೊನೆಗೆ ಸವಾರನ ಕಿವಿಯ ಹತ್ತಿರ ಬಂದ ಚರಿತ್ರೆ ಅದು.

ಸದ್ದು ಕಿವಿಯನ್ನು ಕೊಲ್ಲುತ್ತದೆ ಎನ್ನುವುದು ಹೊಸ ತಿಳಿವಳಿಕೆಯೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಜ್ಜೀನಿ 18ನೇ ಶತಮಾನದ ಆರಂಭದಲ್ಲೇ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆಯುತ್ತ, ವೆನಿಸ್ಸಿನ ತಾಮ್ರದ ಕುಶಲಕರ್ಮಿಗಳನ್ನು ನೆನೆದಿದ್ದ. ದಿನವಿಡೀ ತಾಮ್ರ ಬಡಿಯುವ ಅವರು ವಯಸ್ಸಾಗುತ್ತ ಕಿವುಡರಾಗುತ್ತಾರೆ ಎಂದು ಗುರುತಿಸಿದ್ದ. ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ 1886ರಲ್ಲಿ ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿಯನ್ನು ಗಡಿಯಾರದ ಟಿಕ್ ಟಿಕ್ ಸದ್ದಿನಿಂದ ಪರೀಕ್ಷಿಸಿದ. ನೂರರಲ್ಲಿ ಒಬ್ಬನ ಕಿವಿಯೂ ಸರಿಯಾಗಿರಲಿಲ್ಲ. ಆದರೆ ಇವರೆಲ್ಲ ಕಬ್ಬಿಣ, ತಾಮ್ರ ಬಡಿಯುವವರು. ಗಾಳಿಯೂ ಸುತ್ತಿಗೆಯಂತೆ ಕಿವಿಯನ್ನು ಬಡಿಯಬಲ್ಲದು ಎಂದು ಆಗ ಯಾರು ತಾನೆ ಎಣಿಸಿದ್ದರು? ಅಷ್ಟು ವೇಗವಾಗಿ ಹೋಗುವ ವಾಹನವೇ ಜನರ ಕೈಗೆ ಬಂದಿರಲಿಲ್ಲ.

1907ರಲ್ಲಿ ಮೂರು ಸಂಗತಿಗಳು ನಡೆದವು. ಮೇ ತಿಂಗಳಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಮೊದಲ ಟಿಟಿ ಬೈಕ್ ರೇಸು ನಡೆಯಿತು. ಜೂನ್‌ನಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ಕಾಂಕ್ರೀಟಿನ ರೇಸ್ ಟ್ರ್ಯಾಕ್ ತೆರೆಯಿತು. ಅದೇ ವರ್ಷ ಬರ್ಲಿನ್ನಿನಲ್ಲಿ ಮ್ಯಾಕ್ಸ್ ನೆಗ್ವರ್ ಎಂಬ ಔಷಧ ತಯಾರಕ ಒಂದು ಸಣ್ಣ ಕಂಪನಿ ಶುರುಮಾಡಿದ. ಹೋಮರನ ಕಾವ್ಯದಲ್ಲಿ ಒಡಿಸ್ಯೂಸ್ ತನ್ನ ನಾವಿಕರ ಕಿವಿಗೆ ಮೇಣ ತುಂಬಿ ಸೈರನ್‌ಗಳ ಹಾಡಿನಿಂದ ಪಾರುಮಾಡುವ ಕಥೆಯಿದೆಯಲ್ಲ, ಅದರ ಸ್ಫೂರ್ತಿಯಿಂದ ನೆಗ್ವರ್ ಮೇಣ ಮತ್ತು ಹತ್ತಿ ಬೆರೆಸಿ ಕಿವಿಯ ಬಿರಡೆ ಮಾಡಿದ. 'ಓರೋಪಾಕ್ಸ್' ಎಂದು ಹೆಸರಿಟ್ಟ. ಜರ್ಮನ್ನಿನ ಕಿವಿಯನ್ನೂ ಲ್ಯಾಟಿನ್ನಿನ ಶಾಂತಿಯನ್ನೂ ಕೂಡಿಸಿದ ಹೆಸರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಅದನ್ನು ಬಳಸಿದರು. ಪ್ರಾಗ್‌ನಲ್ಲಿ ಸದ್ದು ತಾಳಲಾರದೆ ಒದ್ದಾಡುತ್ತಿದ್ದ ಫ್ರಾಂಜ್ ಕಾಫ್ಕಾ ಕೂಡ ಬರ್ಲಿನ್ನಿನಿಂದ ಅದನ್ನು ತರಿಸಿಕೊಂಡ.

ಅಂದರೆ ಬೈಕ್ ರೇಸೂ ಕಿವಿಯ ಬಿರಡೆಯೂ ಒಂದೇ ವಯಸ್ಸಿನವು. ಆದರೆ ಒಂದನ್ನೊಂದು ಗಂಭೀರವಾಗಿ ನೋಡಲು ಅವುಗಳಿಗೆ ಎಂಟು ದಶಕ ಬೇಕಾಯಿತು.

ನಡುವೆ ಏನೆಲ್ಲ ಆಯಿತು ನೋಡಿ. ಬ್ರೂಕ್‌ಲ್ಯಾಂಡ್ಸ್ ಸುತ್ತಮುತ್ತಲಿನ ಜನ ರೇಸಿನ ಗದ್ದಲ ತಾಳಲಾರದೆ ಕೋರ್ಟಿಗೆ ಹೋದರು. 1920ರ ದಶಕದಲ್ಲಿ ಅಲ್ಲಿ ಓಡುವ ವಾಹನಗಳಿಗೆಲ್ಲ ದೊಡ್ಡ ಡಬ್ಬಿಯಂಥ ಸೈಲೆನ್ಸರ್ ಕಡ್ಡಾಯವಾಯಿತು. ಇದು ನೆರೆಹೊರೆಯವರ ಕಿವಿಗೆ ಸಿಕ್ಕ ರಕ್ಷಣೆ. ಅದಕ್ಕೂ ಮೊದಲು, ಅದೇ ಟ್ರ್ಯಾಕಿನ ವೈದ್ಯ ಎರಿಕ್ ಗಾರ್ಡ್ನರ್ ತಲೆ ಒಡೆದುಕೊಂಡು ಬರುವ ಸವಾರರನ್ನು ನೋಡಿ ನೋಡಿ ಬೇಸತ್ತು, ಕ್ಯಾನ್ವಾಸಿಗೆ ಅರಗು ಬಳಿದು ಹೆಲ್ಮೆಟ್ ಮಾಡಿಸಿದ್ದ. 1914ರ ಟಿಟಿ ರೇಸಿನಲ್ಲಿ ಅದು ಕಡ್ಡಾಯವಾಯಿತು. 1935ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್ ಬೈಕಿನಿಂದ ಬಿದ್ದು ಆರು ದಿನಗಳ ನಂತರ ಸತ್ತಾಗ, ಅವನನ್ನು ನೋಡಿದ ವೈದ್ಯರಲ್ಲಿ ನರಶಸ್ತ್ರಜ್ಞ ಹ್ಯೂ ಕೇರ್ನ್ಸ್ ಒಬ್ಬ. ಅವನು ಮುಂದೆ ಸೇನೆಯ ಬೈಕ್ ಸವಾರರ ತಲೆಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ವರದಿ ಪ್ರಕಟಿಸಿದ. ಲಕ್ಷಾಂತರ ಜೀವಗಳನ್ನು ಉಳಿಸಿದ ಹೆಲ್ಮೆಟ್ ಕಾನೂನುಗಳ ಬೇರು ಅಲ್ಲಿದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಕೂಡ ಅದೇ ಬಳ್ಳಿಯ ಕಾಯಿ. ಇದು ತಲೆಬುರುಡೆಗೆ ಸಿಕ್ಕ ರಕ್ಷಣೆ.

ಸದ್ದಿನ ಬಗ್ಗೆಯೂ ನಮ್ಮಲ್ಲಿ ಕಾನೂನುಗಳಿವೆ. ಹೊಸ ದ್ವಿಚಕ್ರ ವಾಹನದ ಸದ್ದು ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ 75ರಿಂದ 80 ಡೆಸಿಬೆಲ್ ಮೀರಬಾರದು. ಹಾರ್ನಿನ ಸದ್ದು 93ರಿಂದ 112ರೊಳಗೆ ಇರಬೇಕು. ಆದರೆ ವಾಹನದ ಸದ್ದನ್ನು ಅಳೆಯುವ ಮೈಕು ಇರುವುದು ಏಳೂವರೆ ಮೀಟರ್ ದೂರದಲ್ಲಿ, ದಾರಿಹೋಕನ ಜಾಗದಲ್ಲಿ. ಹೆಲ್ಮೆಟ್ಟಿನ ಒಳಗೆ ಮೈಕು ಇಟ್ಟು ನೋಡಬೇಕೆಂದು ಬಹಳ ಕಾಲ ಯಾರಿಗೂ ತೋಚಲಿಲ್ಲ.

ಇಟ್ಟು ನೋಡಿದಾಗ ಸಿಕ್ಕಿದ್ದು ಎಂಜಿನ್ ಸದ್ದಲ್ಲ, ಗಾಳಿಯ ಸದ್ದು. 1980 ಮತ್ತು 90ರ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಪೊಲೀಸ್ ಸವಾರರ ಮೇಲೆ, ಗ್ರ್ಯಾನ್ ಪ್ರೀ ರೇಸಿನವರ ಮೇಲೆ ಅಧ್ಯಯನಗಳು ನಡೆದವು. ಆ್ಯಂಡ್ರ್ಯೂ ಮೆಕೂಂಬ್ ಎಂಬ ಕಿವಿ-ಮೂಗು-ಗಂಟಲು ತಜ್ಞರ ಕೆಲಸ ಇದರಲ್ಲಿ ಮುಖ್ಯವಾದದ್ದು. ಗಂಟೆಗೆ ಸುಮಾರು 65 ಕಿಲೋಮೀಟರ್ ದಾಟಿದ ಮೇಲೆ ಹೆಲ್ಮೆಟ್ಟಿನೊಳಗೆ ಬೈಕಿನ ಸದ್ದಿಗಿಂತ ಗಾಳಿಯ ಸದ್ದೇ ದೊಡ್ಡದು. 60ರ ವೇಗದಲ್ಲಿ ಅದು 90 ಡೆಸಿಬೆಲ್ ಆಸುಪಾಸು, 100ರ ವೇಗದಲ್ಲಿ ನೂರರ ಹತ್ತಿರ, 160ರಲ್ಲಿ 110. ದುಬಾರಿ ಹೆಲ್ಮೆಟ್ ಹಾಕಿದರೂ ಇದು ಅಷ್ಟಾಗಿ ಬದಲಾಗುವುದಿಲ್ಲ. ಬಾತ್ ವಿಶ್ವವಿದ್ಯಾಲಯದವರು ಗಾಳಿ ಸುರಂಗದಲ್ಲಿಟ್ಟು ನೋಡಿದಾಗ, ಗಲ್ಲದ ಪಟ್ಟಿಯ ಕೆಳಗೆ, ಕತ್ತಿನ ಹತ್ತಿರದ ತೆರಪಿನಲ್ಲಿ ಸುಳಿ ಸುತ್ತುವ ಗಾಳಿ ಸದ್ದಿನ ಮುಖ್ಯ ಮೂಲಗಳಲ್ಲಿ ಒಂದು ಎಂದು ಕಂಡಿತು.

ಇಲ್ಲಿ ನನಗೆ ನಮ್ಮ ಅಜ್ಜಿ ನೆನಪಾಗುತ್ತಾಳೆ. ಚಳಿಗಾಲದಲ್ಲಿ ಯಾರು ಗಾಡಿ ಹತ್ತಿದರೂ 'ಕಿವಿಗೆ ಗಾಳಿ ಹೊಕ್ಕೀತು, ಹತ್ತಿ ಇಟ್ಕೊಳ್ರೋ' ಎನ್ನುತ್ತಿದ್ದಳು. ಮೇಲೆ ಒಂದು ಮಫ್ಲರ್ ಸುತ್ತಿ ಕಳಿಸುತ್ತಿದ್ದಳು. ನಾವು ನಗುತ್ತಿದ್ದೆವು. ಅವಳಿಗೆ ಭಯವಿದ್ದದ್ದು ಥಂಡಿಯದ್ದು. ಕಾರಣ ಬೇರೆ, ಆದರೆ ಶತ್ರುವನ್ನು ಸರಿಯಾಗಿಯೇ ಗುರುತಿಸಿದ್ದಳು. ಪಾಪ, ಬರೀ ಹತ್ತಿಗೆ ಸದ್ದನ್ನು ತಡೆಯುವ ಶಕ್ತಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಕಿವಿ ಎಷ್ಟು ಸದ್ದನ್ನು ತಾಳಬಲ್ಲದು ಎನ್ನುವುದಕ್ಕೆ ಒಂದು ಲೆಕ್ಕವಿದೆ. ದಿನಕ್ಕೆ 85 ಡೆಸಿಬೆಲ್ ಆದರೆ ಎಂಟು ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹಾಗೆ ಇಳಿಯುತ್ತ 100ಕ್ಕೆ ಬರುವಾಗ ಉಳಿಯುವುದು ಹದಿನೈದೇ ನಿಮಿಷ. ನಾನು ಹಾಸನದ ರಸ್ತೆಯಲ್ಲಿ ನೂರರ ವೇಗದಲ್ಲಿ ಹೊರಟರೆ, ನೆಲಮಂಗಲ ದಾಟಿ ಕುಣಿಗಲ್ ಮುಟ್ಟುವ ಮೊದಲೇ ಆ ದಿನದ ನನ್ನ ಪಾಲು ಮುಗಿದಿರುತ್ತದೆ. ಹಾಗೆ ನಾನು ಹನ್ನೆರಡು ವರ್ಷ ಓಡಾಡಿದ್ದೆ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳಿವೆ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರದ ಸದ್ದುಗಳು. ಹಾಗಾಗಿ ಜನರ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮದುವೆ ಮನೆಯ ಗದ್ದಲದಲ್ಲಿ ಎದುರಿಗಿದ್ದವರು ಏನೋ ಹೇಳಿದರೆ ನಾನೀಗ ಅಂದಾಜಿನ ಮೇಲೆ ನಗುತ್ತೇನೆ.

ಇನ್ನು ಬಿರಡೆಯ ಕಥೆಗೆ ಬರೋಣ. ಮೇಣ ಬೇಸಿಗೆಗೆ ಮೆತ್ತಗಾಗುತ್ತದೆ, ಧೂಳು ಹಿಡಿಯುತ್ತದೆ. ಪರಿಸ್ಥಿತಿ ಬದಲಿಸಿದ್ದು ಅಮೆರಿಕದ ಮೆಸಾಚುಸೆಟ್ಸ್‌ನ ಒಂದು ಸಂಶೋಧನಾಲಯದಲ್ಲಿದ್ದ ರಾಸ್ ಗಾರ್ಡ್ನರ್. ಹೆಲ್ಮೆಟ್ ಮಾಡಿದ ಗಾರ್ಡ್ನರ್ ಬೇರೆ, ಇವನು ಬೇರೆ. 1967ರಲ್ಲಿ ಯಂತ್ರಗಳ ಸಂದು ಮುಚ್ಚುವ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಹಿಸುಕಿದರೆ ಕುಗ್ಗಿ ನಿಧಾನವಾಗಿ ಮತ್ತೆ ಉಬ್ಬುವ ಒಂದು ಫೋಮ್ ಅವನ ಗಮನಕ್ಕೆ ಬಂತು. ಅದನ್ನು ಬತ್ತಿಯ ಹಾಗೆ ಹೊಸೆದು ಕಿವಿಯೊಳಗೆ ಇಟ್ಟರೆ, ಅದೇ ಉಬ್ಬಿ ಕಿವಿಯ ಆಕಾರಕ್ಕೆ ಕೂತುಕೊಳ್ಳುತ್ತದೆ. 1972ರಲ್ಲಿ ಮಾರುಕಟ್ಟೆಗೆ ಬಂದ ಆ ಹಳದಿ ತುಂಡುಗಳ ಮೊಮ್ಮಕ್ಕಳೇ ಈಗ ನಮ್ಮ ಮೆಡಿಕಲ್ ಶಾಪುಗಳಲ್ಲಿ ಕೆಲವೇ ರೂಪಾಯಿಗೆ ಸಿಗುವ ಫೋಮ್ ಇಯರ್‌ಪ್ಲಗ್‌ಗಳು. 1988ರಲ್ಲಿ ಸಂಗೀತಗಾರರಿಗಾಗಿ ಇನ್ನೊಂದು ಬಗೆ ಬಂತು. ಎಲ್ಲ ಸ್ವರಗಳನ್ನೂ ಸಮನಾಗಿ 15 ಡೆಸಿಬೆಲ್ ತಗ್ಗಿಸುವ ಫಿಲ್ಟರ್ ಇದ್ದ ಬಿರಡೆ. ಈಗ ಬೈಕಿನವರಿಗೆಂದು ಮಾರುವ ರಬ್ಬರಿನ ಫಿಲ್ಟರ್ ಪ್ಲಗ್‌ಗಳು ಆ ದಾರಿಯಲ್ಲಿ ಬಂದವು.

ಈಗ ಹುಡುಗನ ಪ್ರಶ್ನೆ: ಹಾರ್ನ್ ಕೇಳುವುದು ಹೇಗೆ? ಬಿಸಿಲಿನಲ್ಲಿ ಕಪ್ಪು ಕನ್ನಡಕ ಹಾಕಿದರೆ ರಸ್ತೆ ಕಾಣದೆ ಹೋಗುವುದಿಲ್ಲ, ಇನ್ನೂ ಚೆನ್ನಾಗಿ ಕಾಣುತ್ತದೆ. ಇಲ್ಲಿಯೂ ಹಾಗೆಯೇ. ನೂರು ಡೆಸಿಬೆಲ್ ಗಾಳಿಯ ನಡುವೆ ಹಾರ್ನ್ ಬಂದರೆ, ಬಿರಡೆ ಎರಡನ್ನೂ ತಗ್ಗಿಸುತ್ತದೆ. ಗಾಳಿಗೂ ಹಾರ್ನಿಗೂ ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಕಿವಿ ಮಾತ್ರ ಬಳಲುವುದಿಲ್ಲ. ಕಿವಿ ಚೆನ್ನಾಗಿರುವವರಿಗೆ ಹೆದ್ದಾರಿಯ ಸದ್ದಿನಲ್ಲಿ ಬಿರಡೆಯಿಂದ ಕೇಳಿಸುವಿಕೆಗೆ ನಷ್ಟವಿಲ್ಲ. ಆದರೆ ಊರೊಳಗೆ 30ರ ವೇಗದಲ್ಲಿ ಗಾಳಿಯೇ ಇಲ್ಲದಿರುವಾಗ ಬಿರಡೆ ಬೇಡ, ಅಲ್ಲಿ ಅದು ಬೇಕಾದ ಸದ್ದನ್ನೂ ನುಂಗುತ್ತದೆ. ನನ್ನ ಹಾಗೆ ಈಗಾಗಲೇ ಕಿವಿ ಕೆಡಿಸಿಕೊಂಡವರು ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. ಗಾಳಿಯ ಸದ್ದು ಮೀರಲೆಂದು ಇಯರ್‌ಫೋನಿನಲ್ಲಿ ಹಾಡು ಹಾಕಿಕೊಳ್ಳುವುದಂತೂ ಉರಿಯುವ ಒಲೆಗೆ ಇನ್ನೊಂದು ಕೊಳ್ಳಿ ಇಟ್ಟ ಹಾಗೆ.

ಕೊಳ್ಳುವಾಗ ಪೊಟ್ಟಣದ ಮೇಲಿನ ಸಂಖ್ಯೆಗೆ ಮರುಳಾಗಬಾರದು. 33 ಡೆಸಿಬೆಲ್ ಎಂದು ಬರೆದಿರುವುದು ಪ್ರಯೋಗಾಲಯದಲ್ಲಿ ಬಂದ ಅಂಕಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೇ ಫೋಮಿನ ವಿಷಯದಲ್ಲಿ ಅದನ್ನು ಅರ್ಧ ಮಾಡಿ ಎಣಿಸಿ ಎಂದು ಸಲಹೆ ಕೊಟ್ಟಿತ್ತು. 15 ಸಿಕ್ಕರೂ ಸಾಕು, ನೂರು 85ಕ್ಕೆ ಇಳಿಯುತ್ತದೆ, ಹದಿನೈದು ನಿಮಿಷದ ಜಾಗದಲ್ಲಿ ಎಂಟು ಗಂಟೆ ಸಿಗುತ್ತದೆ. ಅದಕ್ಕೆ ಬಿರಡೆ ಸರಿಯಾಗಿ ಕೂರಬೇಕು. ಗಾಳಿಯ ಸದ್ದು ಹೆಚ್ಚಾಗಿ ಮಂದ್ರದ ಗುಡುಗು. ಬಿರಡೆ ಸಡಿಲವಾಗಿದ್ದರೆ ಮೊದಲು ನುಸುಳುವುದು ಅದೇ. ಮಾತು ಮಂಕಾಗುತ್ತದೆ, ಗುಡುಗು ಒಳಗೆ ಬರುತ್ತದೆ, ಎರಡೂ ನಷ್ಟ. ಫೋಮನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೊರಗೆ ಚಾಚಿಕೊಂಡಿದ್ದರೆ ಹೆಲ್ಮೆಟ್ ಹಾಕುವಾಗ ಕಿತ್ತು ಬರುತ್ತದೆ. ಫೋಮ್ ಒಗ್ಗದವರಿಗೆ ರಬ್ಬರಿನದು, ದಿನಾ ದೂರ ಹೋಗುವವರಿಗೆ ಕಿವಿಯ ಅಚ್ಚು ತೆಗೆದು ಮಾಡಿಸಿದ್ದು. ಹೆಚ್ಚು ಬೆಲೆಯದ್ದಕ್ಕಿಂತ ಪ್ರತಿ ಸಲ ಮರೆಯದೆ ಹಾಕಿಕೊಳ್ಳುವಂಥದ್ದೇ ಒಳ್ಳೆಯದು.

ಹೋದ ವಾರ ಹುಡುಗನಿಗೆ ಮೂರು ಬಗೆಯ ಫೋಮ್ ತಂದುಕೊಟ್ಟು, ತುಮಕೂರಿನವರೆಗೆ ಹೋಗಿ ಬಾ ಎಂದೆ. ರಾತ್ರಿ ಫೋನ್ ಮಾಡಿದ. 'ಮಾವ, ಹಾರ್ನ್ ಎಲ್ಲಾ ಕೇಳಿಸ್ತು. ಮನೆಗೆ ಬಂದ್ಮೇಲೆ ಎಷ್ಟು ನಿಶ್ಶಬ್ದ ಗೊತ್ತಾ?' ಎಂದ. ಅವನು ಹೇಳಿದ ನಿಶ್ಶಬ್ದ ನನಗೆ ಇನ್ನು ಸಿಗುವುದಿಲ್ಲ. ಫೋನ್ ಇಟ್ಟ ಮೇಲೆ ಜೀರುಂಡೆ ಎಂದಿನಂತೆ ಕೂಗುತ್ತಲೇ ಇತ್ತು. ಅವನಿಗೆ ಅದು ಊರಿಗೆ ಹೋದಾಗ ಮಾತ್ರ ಕೇಳಿಸಲಿ.